ಹಗ್ಗ ಹಿಡಿದ ಹೆಡ್ ಮಾಸ್ತರು

ಮೂವತ್ತಾರು ವರ್ಷದ ನೌಕರಿಯಲ್ಲಿ ಮಕ್ಕಳನ್ನು ಒಳಗೆ ಕೂಡಿಹಾಕಿ ಬಾಗಿಲಿಗೆ ಚಿಲಕ ಜಡಿದದ್ದು ನಾನು ಒಂದೇ ಸಲ. ಆ ಚಿಲಕದ ಸಂಗತಿ ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಅದು ಬೀಳ್ಕೊಡುಗೆಯ ಭಾಷಣವಾದೀತು. ಆ ಭಾಷಣಗಳನ್ನು ಈಗಾಗಲೇ ಕೇಳಿದ್ದೇನೆ. ಹೆಗಲ ಮೇಲೆ ಶಾಲು ಬಿದ್ದ ದಿನ ಎಲ್ಲರೂ ಹೊಗಳಿದ್ದು ಕೇಳಿ, ಇವರು ಹೇಳುತ್ತಿರುವ ಸುಧಾ ಅಕ್ಕೋರು ಯಾರಪ್ಪ, ಒಮ್ಮೆ ನೋಡಬೇಕಲ್ಲ ಎಂದು ನನಗೇ ಅನಿಸಿತ್ತು.

ಈಗ ಬರೆಯಲು ಕಾರಣ ಒಂದು ಫೋನು. ನಾನು ನಿವೃತ್ತಳಾದ ಅಂಕೋಲೆಯ ಕಡಲಂಚಿನ ಶಾಲೆಗೆ ವಿಜಯಪುರದ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ, ರೇಣುಕಾ ಎಂದು ಹೆಸರು. ನೌಕರಿಗೆ ಸೇರುವವರೆಗೆ ಕಡಲನ್ನೇ ಕಂಡವಳಲ್ಲ. ಹೋದ ವಾರ ಅಳುವ ದನಿಯಲ್ಲಿ ಕೇಳಿದಳು: “ಮೇಡಂ, ಮೀನಿನ ಬಲಿ ಬಂತು ಅಂತ ಯಾರರೆ ಕೂಗಿದ್ರ ಸಾಕ್ರಿ, ಹುಡುಗ್ರು ಪಾಠ ಬಿಟ್ಟು ಸಮುದ್ರದ ಕಡೆ ಓಡತಾವ್ರಿ. ಬಾಗಿಲಾ ಹಾಕಿಬಿಡ್ಲ್ಯಾ?”

ನಾಳೆ ಬರುತ್ತೇನೆ, ಅಲ್ಲಿಯವರೆಗೆ ಹಾಕಬೇಡ ಮಾರಾಯ್ತಿ ಎಂದೆ. ಯಾಕೆ ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸುವುದು ನನ್ನಿಂದಾಗಲಿಲ್ಲ. ಅವಳಿಗೂ ಅವಳಂತೆ ಹೊಸದಾಗಿ ಬರುವವರಿಗೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕಾರವಾರದ ಹಬ್ಬುವಾಡದಲ್ಲಿ ಬೆಳೆದವಳು. ಮನೆಯಲ್ಲಿ ಕೊಂಕಣಿ, ಅಪ್ಪ ಕಚೇರಿಯ ಗುಮಾಸ್ತ. ಕಡಲು ಕಂಡಿದ್ದೆ ನಿಜ, ಆದರೆ ನಾನು ಕಂಡದ್ದು ಸಂಜೆ ಗಾಳಿಗೆ ಹೋಗಿ ಕಡಲೆಕಾಯಿ ತಿಂದು ಬರುವ ಕಡಲು. ಇದೇ ಶಾಲೆಗೆ ನೌಕರಿಯ ಆದೇಶ ಕೈಗೆ ಬಂದಾಗ ಅಂಕೋಲೆಯ ಬೊಬ್ರುವಾಡದಲ್ಲಿ ಒಂದು ಕೋಣೆ ಹಿಡಿದು, ಬೆಳಗಿನ ಬಸ್ಸಿಗೆ ಹೋಗಿ, ಇಳಿದು, ಮರಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಶಾಲೆ ಸೇರಿದೆ. ಎರಡು ಕೋಣೆ, ಒಂದು ಜಗಲಿ, ಸುತ್ತ ಗಾಳಿಮರ. ಏಳು ತರಗತಿಗಳಿಗೆ ಮೂವರು ಶಿಕ್ಷಕರು. ಅವರಲ್ಲಿ ಒಬ್ಬರು ಸದಾ ಯಾವುದಾದರೊಂದು ಗಣತಿಯ ಮೇಲೆ.

ಜಗಲಿಯಲ್ಲಿ ಒಬ್ಬ ಗಂಡಸು ಕಾಲು ಚಾಚಿ ಕೂತು, ಎದುರಿಗೆ ಕೂತ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡಿದ್ದರು. ಹಿಂದೆ ಇನ್ನೂ ನಾಲ್ವರು ಹುಡುಗಿಯರು ಸಾಲಿನಲ್ಲಿ. ಶಾಲೆಯ ಜವಾನರೆಂದು ತಿಳಿದು, “ಹೆಡ್ ಮಾಸ್ತರರು ಎಲ್ಲಿದ್ದಾರೆ?” ಎಂದೆ. ಅವರು ರಿಬ್ಬನ್ನು ಬಾಯಿಂದ ತೆಗೆದು ಗಂಟು ಹಾಕಿ ಮುಗಿಸಿ, “ನಾನೇ. ಬನ್ನಿ, ಕುಳ್ಳಿ. ಆಸರಿ ಎಂತ ಬೇಕು? ನೀರು ಬೆಲ್ಲ ಅದೆ” ಎಂದರು.

ಅವರೇ ಹಮ್ಮಣ್ಣ ಮಾಸ್ತರು, ಶೆಟಗೇರಿಯ ರೈತ ಮನೆತನದವರು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಹೆಂಡತಿ ಗೌರಕ್ಕ ಬೆಳಗಾದರೆ ಗದ್ದೆಗೆ. ಹಾಗಾಗಿ ಮೂರು ಜಡೆ ಹಾಕಿ, ಮೂರು ಡಬ್ಬಿ ತುಂಬಿಸಿ ಬಸ್ಸು ಹತ್ತುವುದು ಅವರ ದಿನಚರಿ. ದಂಡೆಯ ಮನೆಗಳಲ್ಲಿ ತಾಯಂದಿರು ಮೀನಿನ ಬುಟ್ಟಿ ಹೊತ್ತು ನಸುಕಿಗೇ ಹೊರಡುತ್ತಿದ್ದರಿಂದ, ಕೆದರಿದ ತಲೆಯಲ್ಲಿ ಬಂದ ಮಕ್ಕಳಿಗೆ ಉಳಿದ ಜಡೆಗಳನ್ನು ಶಾಲೆಯಲ್ಲಿ ಹಾಕುತ್ತಿದ್ದರು. ಕಪಾಟಿನಲ್ಲಿ ಸೀಮೆಸುಣ್ಣದ ಪಕ್ಕ ಹಣಿಗೆ, ಎಣ್ಣೆ ಶೀಶೆ ಇರುತ್ತಿದ್ದವು. ಗಂಡುಹುಡುಗರಿಗೆ ಹೇನು ತೆಗೆಯುವ ಶನಿವಾರ ಬೇರೆ.

ಮಕ್ಕಳ ಮುಂದೆ ಅವರು ನನ್ನನ್ನು ‘ಅಕ್ಕೋರೆ’ ಎನ್ನುತ್ತಿದ್ದರು, ಬೈಯುವುದಿದ್ದರೆ ‘ತಂಗೀ’. ಇನ್ನೊಂದು ವಿಷಯವಿದೆ. ಅವರು ಯಾರ ಪಾಟಿಯ ಮೇಲೂ ‘ಶಾಭಾಸ್’ ಎಂದು ಬರೆದವರಲ್ಲ. ಎಷ್ಟೇ ಚೆಂದದ ಅಕ್ಷರವಿರಲಿ, ಎಂಥ ಕಠಿಣ ಲೆಕ್ಕ ಬಿಡಿಸಿರಲಿ, ಕತ್ತು ಓರೆ ಮಾಡಿ ನೋಡಿ “ಅಡ್ಡಿಲ್ಲ” ಎನ್ನುತ್ತಿದ್ದರು. ಅದೇ ಅವರ ಅತಿ ದೊಡ್ಡ ಹೊಗಳಿಕೆ. ಅದಕ್ಕಾಗಿ ಮಕ್ಕಳು ಜೀವ ಬಿಡುತ್ತಿದ್ದರು. ಸುಳ್ಳೇಕೆ, ನಾನೂ ಕಾಯುತ್ತಿದ್ದೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ. ಪಾಠ ಟಿಪ್ಪಣಿಗೆ ಎರಡು ಬಣ್ಣದ ಶಾಯಿ, ವೇಳಾಪಟ್ಟಿಗೆ ನಿಮಿಷ ನಿಮಿಷದ ಲೆಕ್ಕ. ಇದಕ್ಕೆಲ್ಲ ಅಡ್ಡ ಬರುತ್ತಿದ್ದದ್ದು ಯೇಂಡಿ ಬಲೆ. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧ ಸುತ್ತು ಬಳಸಿ ಬಿಟ್ಟ ಬಲೆ. ಅದರ ಎರಡೂ ತುದಿಯ ಹಗ್ಗವನ್ನು ದಂಡೆಯ ಮೇಲೆ ನಿಂತು ಊರ ಜನ ಎಳೆಯಬೇಕು. ದೋಣಿಯಿಂದ ಕೂಗು ಕೇಳಿದರೆ ಸಾಕು, ಮನೆಗೊಬ್ಬರು ಓಡುತ್ತಿದ್ದರು. ದೊಡ್ಡವರಿಲ್ಲದ ಮನೆಯಿಂದ ಮಕ್ಕಳು ಓಡುತ್ತಿದ್ದರು. ಅಂದರೆ ನನ್ನ ತರಗತಿಯಿಂದ.

ಅದೊಂದು ದಿನ ಮಾಸ್ತರರು ಮೀಟಿಂಗಿಗೆಂದು ಅಂಕೋಲೆಗೆ ಹೋಗಿದ್ದರು. ಏಳನೆಯ ತರಗತಿಗೆ ನಾನು ಗಣಿತ ಹೇಳುತ್ತಿದ್ದೆ. ಆಗೆಲ್ಲ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ, ಅದಕ್ಕೆ ಎರಡೇ ತಿಂಗಳು ಉಳಿದಿತ್ತು. ದಂಡೆಯಿಂದ ಕೂಗು ಬಂತು. ಮಕ್ಕಳು ಏಳುವ ಮೊದಲೇ ನಾನು ಹೋಗಿ ಬಾಗಿಲು ಹಾಕಿ ಚಿಲಕ ಜಡಿದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಶೇವಂತಿ ಎಂಬ ಹುಡುಗಿ ಎದ್ದು ಬಂದಳು. ಓದಿನಲ್ಲಿ ಚುರುಕು, ಮಾತು ಕಡಿಮೆ. “ಅಕ್ಕೋರೆ, ಇವತ್ತು ನಾ ಹೋಗ್ಲೇಬೇಕು” ಎಂದಳು. “ಲೆಕ್ಕ ಮುಗಿಸಿ ಹೋಗು” ಎಂದೆ. “ಲೆಕ್ಕ ಮುಗ್ದದೆ ಅಕ್ಕೋರೆ” ಎಂದು ಪುಸ್ತಕ ತೋರಿಸಿದಳು. ನಿಜಕ್ಕೂ ಮುಗಿಸಿದ್ದಳು. ಆದರೂ ನಾನು ಬಿಡಲಿಲ್ಲ. ಅಳಲಿಲ್ಲ ಅವಳು, ಕಿಟಕಿಯ ಸರಳು ಹಿಡಿದು ಬಲೆ ದಂಡೆಗೆ ಬರುವವರೆಗೂ ನೋಡುತ್ತ ನಿಂತಳು. ಶಿಸ್ತು ಎಂದರೆ ಇದು ಎಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ.

ಮರುದಿನ ಶೇವಂತಿ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮಾಸ್ತರರು ನನ್ನನ್ನು ಜಗಲಿಗೆ ಕರೆದರು. “ತಂಗೀ, ಚಿಲಕ ಹಾಕಿದ್ದು ನೀನಾ?”

“ಹೌದು ಮಾಸ್ತರೆ.”

“ಒಳಗಿಂದೋ ಹೊರಗಿಂದೋ?”

“ಒಳಗಿನದು.”

“ಒಳಗಿಂದಾದ್ರೆ ತೆಗೂಕೆ ಬತ್ತದೆ. ನಡಿ, ಅವಳ ಮನೆಗೆ ಹೋಗಿ ಬರ್ವಾ.”

ಶೇವಂತಿಯ ತಾಯಿ ದೇವಕಿ ಎರಡು ತಿಂಗಳ ಬಾಳಂತಿ. ಗಂಡ ಗೋವೆಯಲ್ಲಿ ಬೋಟಿನ ಮೇಲೆ. ಕೂಸಿಗೆ ಹಾಲೂಡಿಸುತ್ತಲೇ ಆಕೆ ಹೇಳಿದ್ದು ಇಷ್ಟು: “ಅಕ್ಕೋರೆ, ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಹಗ್ಗಕ್ಕೆ ಮನೆ ಕೈ ಬೇಕು. ಕೂಸು ಹುಟ್ಟಿದ ದಿನ ಒಂದ್ಸಲ ತಪ್ಪಿತು, ಮೊನ್ನೆ ಇನ್ನೊಂದ್ಸಲ. ಮೂರನೇದು ತಪ್ಪಿದ್ರೆ ಈ ಹಂಗಾಮು ಮುಗಿಯೂವರೆಗೆ ನಮ್ಗೆ ಪಾಲಿಲ್ಲ. ಪರೀಕ್ಷೆ ಬರೆಯೂಕೆ ಅದ್ಕೆ ಆಸೆ ಅದೆ, ನಂಗೂ ಅದೆ. ಆದ್ರೆ ಒಲೆ ಮೇಲೆ ಎಂತ ಇಡೂದು, ಹೇಳಿ?”

ಹಗ್ಗದ ಮೇಲೆ ಕೈ ಇದ್ದ ಮನೆಗೆ ಮಾತ್ರ ಮೀನಿನ ಪಾಲು, ಮೂರು ಸಲ ತಪ್ಪಿದರೆ ಹಂಗಾಮೇ ಹೋಯಿತು. ಆ ದಂಡೆಯ ಕಟ್ಟಳೆ ಅದು. ಕಡಲ ದಂಡೆಯ ಶಾಲೆಗೆ ಬಂದು ಏಳು ತಿಂಗಳಾಗಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಶೇವಂತಿ ಮೂಲೆಯಲ್ಲಿ ಕೂತು ಬಲೆ ಹೊಲಿಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಆ ದಿನ ನನಗಾದ ನಾಚಿಕೆ ಇಂದಿಗೂ ಆರಿಲ್ಲ.

ಮಾಸ್ತರರು ಅಲ್ಲಿಂದ ನೇರ ಬಲೆಯ ಮುಖ್ಯಸ್ಥನಾದ ಪುರಸು ತಾಂಡೇಲನ ಹತ್ತಿರ ಹೋದರು. ದೊಡ್ಡ ಮೀಸೆಯ ಆಳು. ಪರೀಕ್ಷೆ ಮುಗಿಯುವವರೆಗೆ ದೇವಕಿಯ ಮನೆಯ ಪರವಾಗಿ ಹಗ್ಗ ತಾನು ಹಿಡಿಯುತ್ತೇನೆ ಎಂದರು. ತಾಂಡೇಲ ನಕ್ಕುಬಿಟ್ಟ.

“ಮನೇವ್ರ ಕೈ ಆಗ್ಬೇಕು ಮಾಸ್ತರೆ. ಹಿರೇರು ಮಾಡಿಟ್ಟದ್ದು. ನೀವು ಯಾವ ಲೆಕ್ಕದಲ್ಲಿ ಮನೇವ್ರು?”

“ಪುರಸು, ನೀ ಮೂರನೇತ್ತೆಲಿ ಇರುವಾಗ ನಿನ್ನ ತಲೆ ಹೇನು ತೆಗ್ದವ ಯಾರು?”

ತಾಂಡೇಲ ಸುತ್ತ ನೋಡಿದ. ಅವನ ಆಳುಗಳು ನಗು ತಡೆದುಕೊಂಡು ನಿಂತಿದ್ದರು.

“ಮನೇವ ಅಲ್ಲದವ ಯಾರಾದ್ರೂ ಹೇನು ತೆಗೀತಾರನಾ? ಹೇಳು ನೋಡ್ವಾ.”

“ಆಯ್ತು ಮಾರಾಯ್ರೆ” ಎಂದ ತಾಂಡೇಲ. “ಆದ್ರೆ ಬಲೆಯ ಚೀಲ ಮರಳು ಮುಟ್ಟೂವರೆಗೆ ಕೈ ಬಿಡೂಕಾಗುದಿಲ್ಲ, ನೋಡಿ. ಬಿಟ್ರೆ ಆ ದಿನ ತಪ್ಪಿದ ಲೆಕ್ಕ.”

ಹೀಗೆ ಶೇವಂತಿ ತರಗತಿಗೆ ಮರಳಿದಳು, ಹೆಡ್ ಮಾಸ್ತರು ದಂಡೆಗೆ ಹೋದರು. ಬಲೆ ಬಿಡುವ ಸುದ್ದಿಯನ್ನು ತಾಂಡೇಲ ಹಿಂದಿನ ಸಂಜೆಯೇ ಮುಟ್ಟಿಸುತ್ತಿದ್ದ. ಮಾಸ್ತರರು ಅರ್ಧ ದಿನದ ರಜೆ ಅರ್ಜಿ ಬರೆದು ನನ್ನ ಕೈಗಿಟ್ಟು, ಪಂಚೆ ಮೇಲೆ ಕಟ್ಟಿ ಹೊರಡುತ್ತಿದ್ದರು. ನೀನೂ ಹಿಡಿ ಎಂದು ನನಗೆ ಯಾರೂ ಹೇಳಲಿಲ್ಲ. ನಾನಾಗಿ ಕೇಳಲೂ ಇಲ್ಲ. ಹಬ್ಬುವಾಡದ ಗುಮಾಸ್ತರ ಮಗಳು ಸೀರೆ ಎತ್ತಿ ಕಟ್ಟಿ ಮೀನಿನ ಬಲೆ ಎಳೆಯುವುದೇ ಎಂಬ ಬಿಂಕ ಒಳಗೆ ಇತ್ತು.

ಇಂಥ ಒಂದು ಬೆಳಿಗ್ಗೆಯೇ ಇನ್‌ಸ್ಪೆಕ್ಟರ್ ಸಾಹೇಬರು ಬರಬೇಕೇ! “ಮುಖ್ಯಾಧ್ಯಾಪಕರು ಎಲ್ಲಿ?” ಎಂದರು. “ಬಲೆ ಎಳೆಯುತ್ತಿದ್ದಾರೆ ಸರ್” ಎಂದುಬಿಟ್ಟೆ. ರಜೆ ಅರ್ಜಿ ನನ್ನದೇ ಹಾಜರಿ ಪುಸ್ತಕದೊಳಗಿತ್ತು. ಭಯದಲ್ಲಿ ಅದು ನೆನಪಿಗೇ ಬರಲಿಲ್ಲ. ಸಾಹೇಬರು ಬೂಟಿನಲ್ಲಿ ಮರಳು ತುಂಬಿಸಿಕೊಳ್ಳುತ್ತ ದಂಡೆಗೆ ನಡೆದರು. ಅವರು ಅರ್ಧ ದಾರಿ ಹೋದ ಮೇಲೆ ಅರ್ಜಿ ನೆನಪಾಗಿ, ಅದನ್ನು ಹಿಡಿದು ಹಿಂದಿನಿಂದ ಓಡಿದೆ.

ಮಾಸ್ತರರು ಮೊಣಕಾಲುದ್ದ ನೀರಿನಲ್ಲಿ, ಹಗ್ಗದ ಸಾಲಿನ ನಡುವೆ ನಿಂತಿದ್ದರು. ಸಾಹೇಬರನ್ನು ಕಂಡು ತಲೆ ಬಾಗಿಸಿದರು. “ನಮಸ್ಕಾರ ಸಾಹೇಬ್ರೆ. ಕೈ ಮುಗಿಯೂಕಾಗುದಿಲ್ಲ, ಹಗ್ಗ ಬಿಟ್ರೆ ಪಾಲು ಹೋಗ್ತದೆ.”

ಸಾಹೇಬರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು ಓದಿದರು. ರಜೆಯ ಕಾರಣ: ಬಲೆ ಎಳೆಯುವುದು.

“ಇದೇನ್ರಿ ಕಾರಣ? ಹೊಟ್ಟೆನೋವು ಅಂತ ಬರೆದಿದ್ದರೆ ಆಗುತ್ತಿರಲಿಲ್ಲವೇ?”

“ಹೊಟ್ಟೆನೋವು ಇರ್ಲಿಲ್ಲ ಸಾಹೇಬ್ರೆ.”

ಸಾಹೇಬರಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಗೊತ್ತಾಗಲಿಲ್ಲ. ಶಾಲೆಗೆ ಮರಳಿ ಏಳನೆಯ ತರಗತಿಗೆ ನಾಲ್ಕು ಪ್ರಶ್ನೆ ಕೇಳಿದರು. ಮೂರಕ್ಕೆ ಶೇವಂತಿ ಉತ್ತರ ಹೇಳಿದಳು. ಭೇಟಿ ಪುಸ್ತಕದಲ್ಲಿ ‘ಮಕ್ಕಳ ಪ್ರಗತಿ ತೃಪ್ತಿಕರ’ ಎಂದು ಬರೆದು, ಕೆಳಗೆ ‘ಪರೀಕ್ಷೆಯವರೆಗೆ ಮುಖ್ಯಾಧ್ಯಾಪಕರು ಶಾಲಾ ಅವಧಿಯಲ್ಲಿ ಕಡ್ಡಾಯ ಹಾಜರಿರತಕ್ಕದ್ದು’ ಎಂದೂ ಸೇರಿಸಿದರು. ಮಂಜೂರಾಗಿದ್ದ ಇನ್ನೊಂದು ಅರ್ಧ ದಿನದ ರಜೆಯನ್ನು ಮಾತ್ರ ಉಳಿಸಿದರು. ಅದು ಹಿರಿಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನಕ್ಕೆಂದು ಹಾಕಿದ್ದು.

ಆ ದಿನವೇ ಬಲೆ ಬಂತು. ಮುಂದಿನದನ್ನು ಗೌರಕ್ಕ ಎಷ್ಟೋ ಸಲ ಹೇಳಿ ನಗಿಸಿದ್ದಾರೆ. ಶೆಟಗೇರಿಯ ಮನೆಯ ಜಗಲಿಯಲ್ಲಿ ಗಂಡಿನ ಕಡೆಯವರು ಕೂತು ಎರಡು ಸಲ ಚಹಾ ಕುಡಿದಾಗಿದೆ, ಮನೆಯ ಯಜಮಾನನ ಸುಳಿವಿಲ್ಲ. ಕೊನೆಗೆ ಮೊಣಕಾಲವರೆಗೆ ಮರಳು ಹತ್ತಿಸಿಕೊಂಡು, ಒದ್ದೆ ಪಂಚೆಯಲ್ಲಿ, ಮೀನಿನ ವಾಸನೆಯೊಂದಿಗೆ ಬಂದರಂತೆ. ಗೌರಕ್ಕ ಬಾಗಿಲ ಹಿಂದಿನಿಂದಲೇ, ಕೇಳುವವರಿಗೆ ಕೇಳುವ ಹಾಗೆ, “ಮನೆಗೆ ಮಾರಿ, ಊರಿಗೆ ಉಪಕಾರಿ” ಎಂದರಂತೆ. ಮಾಸ್ತರರು ಮುಚ್ಚುಮರೆ ಇಲ್ಲದೆ ನಡೆದದ್ದನ್ನು ಹೇಳಿದರು. ಗಂಡಿನ ತಂದೆ ಗದ್ದೆ ಮಾಡುವ ಮನುಷ್ಯ. “ಕೈ ತೋರ್ಸಿ ನೋಡ್ವಾ” ಎಂದ. ಅಂಗೈಯಲ್ಲಿ ಹಗ್ಗ ಉಜ್ಜಿ ಬೊಬ್ಬೆ ಎದ್ದು ಒಡೆದಿದ್ದವು. “ಹೆಣ್ಣು ನೋಡೂಕೆ ಬಂದು ಹೆಣ್ಣಿನ ಅಪ್ಪನ ಕೈ ನೋಡ್ದೆ. ಇನ್ನು ನೋಡೂದು ಎಂತ ಉಳ್ದಿಲ್ಲ” ಎಂದು ಎದ್ದನಂತೆ. ಆ ಮಾತಿಗೆ ಗೌರಕ್ಕ ಸಂಬಂಧ ಮುರಿಯಿತೆಂದೇ ತಿಳಿದರು. ಅವನು ಎದ್ದದ್ದು ಊಟಕ್ಕೆ ಕೈ ತೊಳೆಯಲು.

ಸಂಬಂಧ ಕೂಡಿತು, ರಜೆ ಮುಗಿಯಿತು. ಪರೀಕ್ಷೆಗೆ ಇನ್ನೂ ಹದಿನೈದು ದಿನವಿತ್ತು. ಮಾಸ್ತರರು ಮೊದಲ ಬಾರಿಗೆ ಮಂಕಾಗಿ ಕೂತದ್ದನ್ನು ನಾನು ಕಂಡೆ. ಮರುದಿನ ಬೆಳಗಿನ ಬಸ್ಸಿನಿಂದ ಅವರ ಹಿಂದೆಯೇ ಗೌರಕ್ಕ ಇಳಿದರು, ಕಂಕುಳಲ್ಲಿ ಬಟ್ಟೆ ಗಂಟು.

“ಎಂತಕ್ಕೆ ಹಂಗೆ ನೋಡ್ತ್ರಿ ಅಕ್ಕೋರೆ? ಇವ್ರಿಗೆ ರಜೆ ಇಲ್ಲ, ನಂಗೆ ಯಾವ ಸಾಹೇಬ ಮೆಮೊ ಕೊಡ್ತಾನೆ? ಮಾಸ್ತರು ಮನೇವ್ರಾದ್ರೆ ನಾ ಯಾರು?”

ದೇವಕಿಯ ಜಗಲಿಯಲ್ಲೇ ಉಳಿದು, ಕೂಸಿಗೆ ಎಣ್ಣೆನೀರು ಹಾಕಿ, ಬಲೆ ಬಂದ ದಿನ ಹಗ್ಗ ಹಿಡಿದರು. ಗದ್ದೆಯ ಕೈ, ಗಂಡನಿಗಿಂತ ಗಟ್ಟಿ ಎಂದು ತಾಂಡೇಲನೇ ಒಪ್ಪಿಕೊಂಡ. ಶೆಟಗೇರಿಯಲ್ಲಿ ಮಕ್ಕಳು ಅಪ್ಪ ಮಾಡಿದ ಅಡಿಗೆ ಉಂಡು ಹದಿನೈದು ದಿನ ಕಳೆದರು. ಮನೆಗೆ ಮಾರಿ ಎಂದ ಮಾತನ್ನು ಆಮೇಲೆ ಆಕೆ ಎಂದೂ ಆಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮಾಸ್ತರರು ಶೇವಂತಿಯ ಜಡೆ ತಾವೇ ಹಾಕಿ, ಅಂಕೋಲೆಯ ಪರೀಕ್ಷಾ ಕೇಂದ್ರಕ್ಕೆ ಎಲ್ಲರನ್ನೂ ಬಸ್ಸು ಹತ್ತಿಸಿದರು. ಅವಳು ಪಾಸಾದಳು; ನಮ್ಮ ಏಳನೆಯ ತರಗತಿ ಪೂರ್ತಿ ಪಾಸಾಯಿತು. ಅಂಕಪಟ್ಟಿಯನ್ನು ಮಾಸ್ತರರು ಕತ್ತು ಓರೆ ಮಾಡಿ ನೋಡಿ “ಅಡ್ಡಿಲ್ಲ” ಎಂದಾಗ ಅವಳು ಓಡಿಹೋಗಿ ಗಾಳಿಮರದ ಹಿಂದೆ ನಿಂತು ಅತ್ತಳು. ಚಿಲಕದ ದಿನ ಅಳದವಳು ಅಂದು ಅತ್ತಳು. ಜೂನಿನಲ್ಲಿ ಹೈಸ್ಕೂಲಿಗೂ ಹೋದಳು.

ಅದೇ ಮಳೆಗಾಲದಲ್ಲಿ ಮಾಸ್ತರರೂ ತಾಂಡೇಲನೂ ಕೂತು ಕಟ್ಟಳೆಗೆ ಒಂದು ಸಾಲು ಸೇರಿಸಿದರು: ಏಳನೆಯ ತರಗತಿಯ ಮಗು ಶಾಲೆಯಲ್ಲಿದ್ದರೆ ಆ ಮನೆಯ ಹಗ್ಗವನ್ನು ಯಾರು ಬೇಕಾದರೂ ಹಿಡಿಯಬಹುದು. ನಾನು ಮುಂದೆ ಎಷ್ಟೋ ಸುತ್ತೋಲೆ ಓದಿದ್ದೇನೆ, ಅಷ್ಟು ಚಿಕ್ಕದು, ಅಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಮಾಸ್ತರರ ಜೊತೆ ನಾನು ಏಳು ವರ್ಷ ಕೆಲಸ ಮಾಡಿದೆ. ಆಮೇಲೆ ಕಾರವಾರದ ಎರಡು ಶಾಲೆ ಸುತ್ತಿ ಮುಖ್ಯಾಧ್ಯಾಪಕಿಯಾಗಿ ಅದೇ ದಂಡೆಯ ಶಾಲೆಗೆ ಮರಳಿದೆ. ಪಾಟಿ ಹೋಗಿ ನಲಿ-ಕಲಿ ಕಾರ್ಡು ಬಂದವು, ಬೆಲ್ಲದ ನೀರಿನ ಜಾಗಕ್ಕೆ ಬಿಸಿಯೂಟ, ಹಾಜರಿ ಪುಸ್ತಕದ ಜಾಗಕ್ಕೆ ಮೊಬೈಲು. ಮೊಟ್ಟೆ ತಿನ್ನುವ ಮಕ್ಕಳ ಫೋಟೋ ಕಳಿಸಲು ಸಿಗ್ನಲ್ ಹುಡುಕಿ ಗಾಳಿಮರದ ಕೆಳಗೆ ಓಡಾಡಿದ್ದೇನೆ. ಒಳ್ಳೆಯದೂ ಬಂದಿದೆ, ತಲೆನೋವೂ ಬಂದಿದೆ. ಹಣಿಗೆಯನ್ನು ಮಾತ್ರ ನಾನು ಕಪಾಟಿನಿಂದ ತೆಗೆಯಲಿಲ್ಲ.

ಮಾಸ್ತರರು ತೀರಿಕೊಂಡ ದಿನ ದಂಡೆಯವರು ಟೆಂಪೊ ಮಾಡಿಕೊಂಡು ಶೆಟಗೇರಿಗೆ ಬಂದರು. ಮೂವರು ಹೆಣ್ಣುಮಕ್ಕಳು ಅಪ್ಪನ ತಲೆಗೂದಲನ್ನು ನೀಟಾಗಿ ಬಾಚಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಗೌರಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಮಾಸ್ತರರ ಬಾಯಿಂದ ‘ಅಡ್ಡಿಲ್ಲ’ ಎಂಬ ಆ ಒಂದು ಮಾತು ನನಗೆ ಬಂದಿರಲೇ ಇಲ್ಲ. ಕೇಳುವ ಮುಖವೂ ನನಗಿರಲಿಲ್ಲ, ಯಾಕೆಂದರೆ ಕಟ್ಟಳೆಯಲ್ಲಿ ‘ಯಾರು ಬೇಕಾದರೂ’ ಎಂದಿದ್ದರೂ ನಾನು ಒಮ್ಮೆಯೂ ಹಗ್ಗ ಮುಟ್ಟಿರಲಿಲ್ಲ. ಮೊದಲು ಬಿಂಕ, ಆಮೇಲೆ ಮುಖ್ಯಾಧ್ಯಾಪಕಿಯ ಕುರ್ಚಿ, ಆಮೇಲೆ ಮೊಣಕಾಲು ನೋವು. ನೆವಕ್ಕೇನು ಬರ!

ರೇಣುಕಾಳ ಫೋನು ಬಂದ ಮರುದಿನ ಬಸ್ಸು ಹತ್ತಿ ಹೋದೆ. ಈಗ ಯೇಂಡಿ ಬಲೆ ಅಪರೂಪ. ಅಂದು ನನ್ನ ಅದೃಷ್ಟಕ್ಕೆ ದೋಣಿ ಇಳಿದಿತ್ತು. ಕಟ್ಟಳೆಯನ್ನು ಅವಳಿಗೆ ವಿವರಿಸಿದೆ. ಯಾವ ಮನೆಯಲ್ಲಿ ಎಷ್ಟು ಕೈ ಇವೆ ಎಂದು ಬರೆದಿಟ್ಟುಕೋ, ಬಲೆಯ ಸುದ್ದಿ ಹಿಂದಿನ ಸಂಜೆಯೇ ಕೇಳಿಕೋ, ಆಮೇಲೆ ವೇಳಾಪಟ್ಟಿ ಹಾಕು ಎಂದೆ. ಅವಳು, “ಹಂಗಂದ್ರ ನಮ್ಮ ಏಳನೇತ್ತಾ ದೀಪಾನ ಮನಿಯಿಂದ ಇವತ್ತ ಯಾರೂ ಇಲ್ಲರಿ ಮೇಡಂ. ಅವರಜ್ಜಿಗೆ ಜ್ವರ” ಎಂದಳು. ಹುಡುಗಿ ಬೇಗ ಕಲಿಯುತ್ತಾಳೆ.

ದೀಪಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

“ನೀನು ಕೂತು ಓದು” ಎಂದು ಹೇಳಿ ನಾನು ದಂಡೆಗಿಳಿದೆ. ಹಗ್ಗದ ಸಾಲಿನಲ್ಲಿ ಶೇವಂತಿ ಇದ್ದಳು. ಹತ್ತನೆಯದರವರೆಗೆ ಓದಿ, ಈಗ ಅಂಕೋಲೆ ಪೇಟೆಯಲ್ಲಿ ಮೀನಿನ ವ್ಯಾಪಾರ ಮಾಡುತ್ತಾಳೆ. ನಮ್ಮ ಶಾಲೆಯ ಅಭಿವೃದ್ಧಿ ಸಮಿತಿಗೆ ಅವಳೇ ಅಧ್ಯಕ್ಷೆ. ನಾನು ಚಪ್ಪಲಿ ಬಿಟ್ಟು ಸೀರೆ ಎತ್ತಿ ಸಿಕ್ಕಿಸಿಕೊಳ್ಳುವುದನ್ನು ನೋಡಿ ಅವಳು ತನ್ನ ಮುಂದೆ ಒಂದು ಗೇಣು ಜಾಗ ಬಿಟ್ಟಳು.

“ದೀಪಾಳ ಮನೆಯ ಕೈ” ಎಂದೆ.

“ಹಿಡೀರಿ ಅಕ್ಕೋರೆ. ಚೀಲ ಮರಳು ಮುಟ್ಟೂವರೆಗೆ ಬಿಡೂದಲ್ಲ.”

ಹಗ್ಗ ಉಪ್ಪುನೀರಿನಲ್ಲಿ ನೆನೆದು ಬಿಗಿದಿತ್ತು. ಹತ್ತು ನಿಮಿಷಕ್ಕೆ ಅಂಗೈ ಉರಿಯತೊಡಗಿತು, ಅರ್ಧ ಗಂಟೆಗೆ ಸೊಂಟವಿದೆಯೋ ಇಲ್ಲವೋ ತಿಳಿಯಲಿಲ್ಲ. ಶಾಲೆಯ ತೆರೆದ ಬಾಗಿಲಿನಿಂದ ರೇಣುಕಾಳ ದನಿಯೂ ಹಿಂದಿನಿಂದ ಮಕ್ಕಳ ದನಿಯೂ ಕೇಳುತ್ತಿದ್ದವು. ಬಲೆಯ ಚೀಲ ಮರಳಿಗೆ ಬಂದಾಗ ತಾರ್ಲೆ, ಬಂಗಡೆ ಬೆಳ್ಳಗೆ ಕುಣಿಯುತ್ತಿದ್ದವು. ಪಾಲು ಹಾಕಿದರು. ದೀಪಾಳ ಮನೆಯ ರಾಶಿಯನ್ನು ಶೇವಂತಿ ತಾನೇ ಬುಟ್ಟಿಗೆ ತುಂಬಿ ಬದಿಗಿಟ್ಟಳು. ಆಮೇಲೆ ನನ್ನ ಹತ್ತಿರ ಬಂದಳು.

“ಅಕ್ಕೋರೆ, ಕೈ ತೋರ್ಸಿ.”

ಬಚ್ಚಿಡಲು ಹೋದೆ. ಬಿಡಲಿಲ್ಲ. ಕೆಂಪಾಗಿ ಬೊಬ್ಬೆಯೆದ್ದ ಎರಡೂ ಅಂಗೈಗಳನ್ನು ಹಿಡಿದು, ಕತ್ತು ಓರೆ ಮಾಡಿ ನೋಡಿದಳು.

“ಅಡ್ಡಿಲ್ಲ” ಎಂದಳು.